ವರ್ಬಲ್ ಪೇಪರಿಗೆ ಓದಿಕೊಂಡ ವರ್ಷ

ನನಗೆ ಇಂಗ್ಲಿಷ್ ಬರುತ್ತದೆ ಎಂಬ ನಂಬಿಕೆ ಬಿ.ಎಸ್ಸಿ. ಮುಗಿಯುವವರೆಗೂ ಗಟ್ಟಿಯಾಗಿಯೇ ಇತ್ತು. ಅದು ಕಳಚಿಬಿದ್ದದ್ದು ಮೈಸೂರಿನ ಒಂದು ಪರೀಕ್ಷಾ ಕೊಠಡಿಯಲ್ಲಿ. ಮುಂದೆ ಇಟ್ಟ ಪ್ರಶ್ನೆಪತ್ರಿಕೆಯಲ್ಲಿ ಒಂದು ಪದ, ಅದರ ಕೆಳಗೆ ಸಾಲಾಗಿ ಐದು ಪದ. ಮೇಲಿನದಕ್ಕೆ ವಿರುದ್ಧಾರ್ಥ ಕೆಳಗಿನ ಯಾವುದು ಎಂದು ಗುರುತು ಹಾಕಬೇಕು. ಮೇಲಿನದು ನನಗೆ ಗೊತ್ತಿಲ್ಲ. ಕೆಳಗಿನ ಐದರಲ್ಲಿ ಒಂದು ಮಾತ್ರ ಗೊತ್ತು. ಗೊತ್ತಿದ್ದ ಆ ಒಂದನ್ನು, ಪರಊರಿನ ಬಸ್ ನಿಲ್ದಾಣದಲ್ಲಿ ನಮ್ಮೂರಿನವರನ್ನು ಕಂಡವಳ ಹಾಗೆ ಹಿಡಿದುಕೊಂಡೆ. ಪತ್ರಿಕೆಯ ಉದ್ದಕ್ಕೂ ಹಾಗೆಯೇ ಮಾಡಿದೆ. ಪರಿಚಿತರನ್ನು ನಂಬಿ ಕೆಟ್ಟವರ ಕಥೆ ಲೋಕದಲ್ಲಿ ಬೇಕಾದಷ್ಟಿದೆ. ಅದಕ್ಕೆ ನನ್ನದೂ ಒಂದು ಸೇರಿತು.

ಇದು ಎಪ್ಪತ್ತರ ದಶಕದ ಆರಂಭದ ಮಾತು. ಉತ್ತರ ಹಿಂದೂಸ್ಥಾನದ ಒಂದು ದೊಡ್ಡ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿಗೆ ಸೇರಬೇಕೆಂಬುದು ನನ್ನ ಆಸೆ. ಪ್ರವೇಶಕ್ಕೆ ಎರಡು ಪೇಪರು. ಒಂದು ಲೆಕ್ಕದ್ದು, ಇನ್ನೊಂದು ‘ವರ್ಬಲ್’. ವಿರುದ್ಧ ಪದ, ಜೋಡಿ ಪದ, ಬಿಟ್ಟ ಸ್ಥಳ ತುಂಬುವುದು, ಕೊನೆಗೆ ಉದ್ದುದ್ದ ಪ್ಯಾಸೇಜುಗಳನ್ನು ಓದಿ ಉತ್ತರಿಸುವುದು. ಲೆಕ್ಕದಲ್ಲಿ ನನಗೆ ಬಂದ ಅಂಕವನ್ನು ಯಾರಿಗಾದರೂ ಹೇಳಬಹುದಿತ್ತು. ವರ್ಬಲ್‌ನಲ್ಲಿ ಬಂದದ್ದನ್ನು ಅಪ್ಪನಿಗೆ ಮಾತ್ರ ಹೇಳಿದೆ. ಹಾರನಹಳ್ಳಿಯಲ್ಲಿ ಹೊಗೆಸೊಪ್ಪು, ರಾಗಿ ಬೆಳೆಯುತ್ತಿದ್ದ ಅಪ್ಪ ಜಗುಲಿಯ ಮೇಲೆ ಕೂತು ಕೇಳಿಸಿಕೊಂಡರು.

“ಲೆಕ್ಕ ಕಲಿಯಕ್ಕೆ ತಾನೇ ನೀನು ಓಗೋದು?” ಎಂದರು.

“ಹೂಂ.”

“ಮತ್ತೆ ಇಂಗ್ಲಿಷ್ ಯಾಕವ್ವ ಕೇಳ್ತಾರೆ ಅವ್ರು?”

“ಅಲ್ಲಿ ಪಾಠ ಎಲ್ಲ ಇಂಗ್ಲಿಷಲ್ಲೇ ಅಪ್ಪ.”

“ಅಂಗಾರೆ ಅಲ್ಲೋಗಿ ಕಲಿತ್ಕೊಂಡ್ರಾಯ್ತು ಬುಡು,” ಎಂದು ಎದ್ದು ದನಕ್ಕೆ ಹುಲ್ಲು ಹಾಕಲು ಹೋದರು. ಆ ಸಂಸ್ಥೆಯ ಆಯ್ಕೆ ಸಮಿತಿಯಲ್ಲಿ ಅಪ್ಪನಂಥವರು ಒಬ್ಬರಾದರೂ ಇರಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಇರಲಿಲ್ಲ. ಮುಂದಿನ ವರ್ಷ ಇನ್ನೊಂದು ಸಲ ಬರೆಯಲು ಅವಕಾಶವಿತ್ತು. ಅದು ತಪ್ಪಿದರೆ ವಯಸ್ಸಿನ ಮಿತಿ ದಾಟುತ್ತಿತ್ತು. ಅಷ್ಟರೊಳಗೆ ಪಿರಿಯಾಪಟ್ಟಣದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಲೆಕ್ಕದ ಮೇಡಂ ಆಗಿ ಸೇರಿಕೊಂಡಿದ್ದೆ. ಬೆಳಗ್ಗೆ ಹಾರನಹಳ್ಳಿಯಿಂದ ಬಸ್ಸು, ಸಂಜೆ ವಾಪಸು ಬಸ್ಸು, ನಡುವೆ ಬೀಜಗಣಿತ.

ವರ್ಬಲ್ ಸುಧಾರಿಸುವ ಉಪಾಯವನ್ನು ಕೇಳಿದಾಗ ಗೊತ್ತಾದದ್ದು, ಈ ವಿಷಯದಲ್ಲಿ ಸಲಹೆ ಇಲ್ಲದವರೇ ಇಲ್ಲ ಎಂದು. ನೆಗಡಿಗೆ ಔಷಧ ಹೇಳುವವರ ಹಾಗೆ ಎಲ್ಲರೂ ಮುಂದೆ ಬಂದರು. ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟರು ನಿಘಂಟನ್ನು ಬಾಯಿಪಾಠ ಮಾಡಲು ಹೇಳಿದರು. ನಾನು ಶಿಸ್ತಿನ ಹುಡುಗಿ. ‘ಎ’ ಯಿಂದ ಶುರುಮಾಡಿದೆ. ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿ ಗೊಣಗುತ್ತಿದ್ದುದನ್ನು ನೋಡಿ, ಪಕ್ಕದಲ್ಲಿ ಕೂತ ಹೆಂಗಸರು ನಾನು ಯಾವುದೋ ವ್ರತ ಹಿಡಿದಿದ್ದೇನೆಂದು ತಿಳಿದು ಸ್ವಲ್ಪ ಸರಿದು ಜಾಗ ಬಿಡುತ್ತಿದ್ದರು. ಅದೊಂದೇ ಅದರಿಂದಾದ ಲಾಭ. ‘ಡಿ’ ಗೆ ಬರುವಷ್ಟರಲ್ಲಿ ‘ಎ’ ಮರೆತಿತ್ತು. ಮರೆಯದೆ ಉಳಿದ ಪದಗಳೂ ಮದುವೆಮನೆಯಲ್ಲಿ ಯಾರೋ ಪರಿಚಯಿಸಿದ ದೂರದ ನೆಂಟರ ಹಾಗೆ: ಮುಖ ನೋಡಿದ ನೆನಪು, ಯಾವ ಕಡೆಯವರು ಎಂಬುದು ಗೊತ್ತಿಲ್ಲ.

ಆಮೇಲೆ ಇಂಗ್ಲಿಷ್ ಮಾತಾಡುವವರ ನಡುವೆ ಇದ್ದರೆ ಇಂಗ್ಲಿಷ್ ತಾನಾಗಿ ಬರುತ್ತದೆ ಎಂದು ಇನ್ನೊಬ್ಬರು ಹೇಳಿದರು. ನನ್ನ ಅಕ್ಕನ ಗಂಡ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟೆಯ ಕೆಲಸದಲ್ಲಿದ್ದರು. ದಸರಾ ರಜೆಗೆ ಅಲ್ಲಿಗೆ ಹೋದೆ. ಇಂಜಿನಿಯರುಗಳ ವಸತಿಗಳ ನಡುವೆ ಕಿವಿ ತೆರೆದುಕೊಂಡು ಓಡಾಡಿದೆ. ಇಂಗ್ಲಿಷ್ ಧಾರಾಳವಾಗಿಯೇ ಇತ್ತು. ಆದರೆ ಎಲ್ಲ ಸಿಮೆಂಟಿನ ಸುತ್ತಲೇ ಸುತ್ತುತ್ತಿತ್ತು. ಸ್ಯಾಂಕ್ಷನ್, ಎಸ್ಟಿಮೇಟ್, ಕ್ಯೂರಿಂಗ್. ರಜೆ ಮುಗಿಸಿ ಬಂದಾಗ ಒಂದು ಅಣೆಕಟ್ಟೆ ಕಟ್ಟುವಷ್ಟು ಇಂಗ್ಲಿಷ್ ನನ್ನ ಬಳಿ ಇತ್ತು. ಒಂದು ಪ್ಯಾಸೇಜು ದಾಟುವಷ್ಟು ಇರಲಿಲ್ಲ.

ಸಕೀನಾ ನಮ್ಮ ಶಾಲೆಗೆ ಬಂದದ್ದು ಆ ರಜೆಯ ನಂತರ. ಪಿರಿಯಾಪಟ್ಟಣದವಳೇ. ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಿ.ಎಸ್ಸಿ. ಮಾಡಿ, ವಿಜ್ಞಾನ ಕಲಿಸಲು ಸೇರಿದಳು. ಅವಳ ತಂದೆ ಇಬ್ರಾಹಿಂ ಸಾಹೇಬರು ತಗಡಿನ ಪೆಟ್ಟಿಗೆ ಮಾಡುವವರು. ಮನೆಯ ಮುಂಭಾಗ ಕಾರ್ಖಾನೆ, ಹಿಂಭಾಗ ವಾಸ. ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ಅಜ್ಜಿಯೇ ಸಾಕಿದ್ದು. ನಾನು ಬರೆಯುತ್ತಿದ್ದ ಪರೀಕ್ಷೆಯ ಸುದ್ದಿ ಕೇಳಿ ಅವಳಿಗೂ ಆಸೆ ಹುಟ್ಟಿತು. ಅವಳ ಇಂಗ್ಲಿಷ್ ನನ್ನದಕ್ಕಿಂತ ಮೇಲು, ನನ್ನ ಲೆಕ್ಕ ಅವಳದಕ್ಕಿಂತ ಮೇಲು. ಹೀಗೆ ಕೊಡುಕೊಳ್ಳುವ ವ್ಯವಹಾರವಾಗಿ ಶುರುವಾದದ್ದು ನಮ್ಮ ಸ್ನೇಹ. ಶಾಲೆ ಬಿಟ್ಟ ಮೇಲೆ ಕೊನೆಯ ಬಸ್ಸಿನವರೆಗೆ ಅವಳ ಮನೆಯ ಹಿಂದಿನ ಅಂಗಳದಲ್ಲಿ ಕೂತು ಓದುತ್ತಿದ್ದೆವು. ಮುಂದುಗಡೆ ತಗಡಿನ ಮೇಲೆ ಸುತ್ತಿಗೆ ಬೀಳುತ್ತಿರುವಾಗ, ಹಿಮನದಿಗಳ ಮೌನವನ್ನು ವರ್ಣಿಸುವ ಪ್ಯಾಸೇಜನ್ನು ಓದಿ ಅರ್ಥ ಮಾಡಿಕೊಳ್ಳುವುದು ಒಂದು ಸಾಧನೆಯೇ. ಅಷ್ಟು ಗದ್ದಲದಲ್ಲಿ ಓದಿದವರನ್ನು ಯಾವ ಪರೀಕ್ಷಾ ಕೊಠಡಿಯ ಕೆಮ್ಮೂ ಏನೂ ಮಾಡಲಾರದು.

ಅಜ್ಜಿ, ಸಕೀನಾಳ ಬಾಯಲ್ಲಿ ದಾದಿ, ಅದೇ ಅಂಗಳದಲ್ಲಿ ಕೌದಿ ಹೊಲಿಯುತ್ತ ಕೂತಿರುತ್ತಿದ್ದರು. ಕೆಲವು ದಿನ ಸಹಿಸಿಕೊಂಡರು. ಒಂದು ದಿನ ಸೂಜಿ ನಿಲ್ಲಿಸಿ ಕೇಳಿದರು.

“ಅದೇನಮ್ಮ, ಇಬ್ಬರೂ ದಿನಾ ಅದನ್ನೇ ಗೊಣಗ್ತೀರಿ? ನಮಗೂ ಹೇಳ್ರಿ. ಬಾಯಿ ಕಟ್ಕೊಂಡು ಎಷ್ಟೊತ್ತು ಕೂತಿರ್ಲಿ ನಾನು?”

ಆಗ ನಮ್ಮ ಬಾಯಲ್ಲಿದ್ದ ಪದ ‘ರಿಲಕ್ಟೆಂಟ್’. ಸಕೀನಾ, “ಮನಸ್ಸಿಲ್ಲದೇ ಇರೋದು, ದಾದಿ,” ಎಂದಳು.

“ಅಂದ್ರೆ ಬ್ಯಾಡ ಅನ್ನೋದಾ?”

“ಬೇಡ ಅಂತಲೂ ಅಲ್ಲ. ಮಾಡ್ತಾರೆ, ಆದ್ರೆ ಹಿಂದೆ ಮುಂದೆ ನೋಡ್ತಾರೆ.”

ದಾದಿ ಮುಂದಿನ ಕೋಣೆಯ ಕಡೆ ಗದ್ದ ಎತ್ತಿ ತೋರಿಸಿದರು. “ನಿಮ್ಮಪ್ಪನ ಹಾಗೆ ಅನ್ನು. ನಿನ್ನ ಓದಕ್ಕೆ ಕಳಿಸ್ತೀನಿ ಅಂತಾನೂ ಅನ್ನಲ್ಲ, ಇಲ್ಲ ಅಂತಾನೂ ಅನ್ನಲ್ಲ.”

ಆ ಪದವನ್ನು ನಾನು ಇಂದಿಗೂ ಮರೆತಿಲ್ಲ. ಅದಕ್ಕೊಂದು ಮುಖ, ಒಂದು ಸುತ್ತಿಗೆ, ಒಂದು ಮೌನ ಸಿಕ್ಕಿಬಿಟ್ಟಿತ್ತು. ಅಂದಿನಿಂದ ನಮಗೊಂದು ಹೊಸ ಪದ್ಧತಿಯಾಯಿತು. ಪದ ಯಾವುದೇ ಬರಲಿ, ಇಂಗ್ಲಿಷ್ ಬಾರದ ದಾದಿಗೆ ಅದನ್ನು ಹೇಳಬೇಕು. ಅವರು ಒಪ್ಪುವವರೆಗೂ ಮುಂದಿನ ಪದಕ್ಕೆ ಹೋಗಬಾರದು. ದಾದಿ ಸುಲಭಕ್ಕೆ ಒಪ್ಪುತ್ತಿರಲಿಲ್ಲ. ‘ಫ್ರೂಗಲ್’, ‘ಮೈಸರ್ಲಿ’ ಎರಡಕ್ಕೂ ನಾನು ‘ಜಿಪುಣತನ’ ಎಂದಾಗ, “ತನ್ನ ತಟ್ಟೇಲಿ ಕಮ್ಮಿ ಮಾಡೋನು ಒಬ್ಬ, ಬಂದೋರ ತಟ್ಟೇಲಿ ಕಮ್ಮಿ ಮಾಡೋನು ಇನ್ನೊಬ್ಬ. ಇಬ್ಬರಿಗೂ ಒಂದೇ ಹೆಸರಿಡ್ತೀರಾ?” ಎಂದು ತಕರಾರು ತೆಗೆದರು. ಎಲ್ಲ ಸಲವೂ ಅವರು ಸರಿ ಎಂದೇನಲ್ಲ. ‘ಕ್ಯಾಂಡಿಡ್’ ಎಂದರೆ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡದೆ ಹೇಳುವವರು ಎಂದದ್ದಕ್ಕೆ, “ಬಾಯಿಬಡುಕಿ ಅನ್ನು” ಎಂದು ತೀರ್ಮಾನ ಕೊಟ್ಟರು. ಎಷ್ಟೋ ವರ್ಷಗಳ ಮೇಲೆ ಒಬ್ಬ ಅಧಿಕಾರಿ ಮೆಚ್ಚಿಕೊಂಡು ನನ್ನನ್ನು ‘ಕ್ಯಾಂಡಿಡ್’ ಎಂದಾಗ ನಾನು ಅವರ ಜೊತೆ ಒಂದು ವಾರ ಮಾತು ಬಿಟ್ಟಿದ್ದೆ.

ಜೋಡಿ ಪದಗಳಿಗೆ ಸಕೀನಾಳದೇ ಒಂದು ಉಪಾಯವಿತ್ತು. ಸುತ್ತಿಗೆಗೂ ಬಡಗಿಗೂ ಸಂಬಂಧವಿದೆ ಎಂದರೆ ಸಾಲದು. ಏನು ಸಂಬಂಧ ಎಂಬುದನ್ನು ಒಂದು ಪೂರ್ತಿ ವಾಕ್ಯದಲ್ಲಿ ಹೇಳಬೇಕು. ಆಮೇಲೆ ಅದೇ ವಾಕ್ಯದಲ್ಲಿ ಇನ್ನೊಂದು ಜೋಡಿಯನ್ನು ಕೂರಿಸಿ ನೋಡಬೇಕು. ಕೂತರೆ ಉತ್ತರ, ಕೂರದಿದ್ದರೆ ಅಲ್ಲ. ಎಷ್ಟು ಸರಳ ಎನಿಸುತ್ತದೆ. ಆದರೆ ಮನುಷ್ಯರ ನಡುವಿನ ಸಂಬಂಧಗಳನ್ನೂ ಹೀಗೆ ಒಂದು ಪೂರ್ತಿ ವಾಕ್ಯದಲ್ಲಿ ಹೇಳಲು ಕೂತರೆ ಎಷ್ಟು ಜೋಡಿಗಳು ನಿಂತಾವು ಎಂದು ಯೋಚಿಸಿ, ನಾನು ಅಲ್ಲೇ ಒಂದಷ್ಟು ಹೊತ್ತು ಕಳೆಯುತ್ತಿದ್ದೆ. ಪರೀಕ್ಷೆಗೆ ಓದುವವರು ಇಂಥ ಯೋಚನೆ ಮಾಡಬಾರದು.

ನನ್ನ ನಿಜವಾದ ಕಷ್ಟವಿದ್ದದ್ದು ಪ್ಯಾಸೇಜಿನಲ್ಲಿ. ಪದಗಳೆಲ್ಲ ಗೊತ್ತಿದ್ದರೂ ಉತ್ತರ ತಪ್ಪುತ್ತಿತ್ತು. ಒಂದು ಪ್ಯಾಸೇಜು ನೆನಪಿದೆ: ರೈತರು ಹೊಸ ಬೀಜ ಬಿತ್ತಲು ಹಿಂಜರಿಯುವುದು ಅಜ್ಞಾನದಿಂದ ಎಂದು ಬರೆದವನ ವಾದ. ಕೆಳಗಿನ ಪ್ರಶ್ನೆ, ರೈತರು ಹಿಂಜರಿಯಲು ಕಾರಣವೇನು. ನಾನು ‘ಬೀಜದ ಮೇಲೆ ನಂಬಿಕೆ ಇಲ್ಲದ್ದರಿಂದ’ ಎಂಬುದಕ್ಕೆ ಗುರುತು ಹಾಕಿದೆ. ಸಕೀನಾ ತಪ್ಪು ಎಂದಳು. ನಾನು ಸುಮ್ಮನಾಗಲಿಲ್ಲ. ಹೊಸ ಬೀಜ ತಂದು ನಮ್ಮಪ್ಪ ಒಂದು ವರ್ಷ ಏನು ಅನುಭವಿಸಿದರು ಎಂಬುದನ್ನು ಬೆಳೆ ಬೆಳೆಯಾಗಿ ವಿವರಿಸಿದೆ. ಅವಳು ಪೂರ್ತಿ ಕೇಳಿ ಹೇಳಿದಳು:

“ನಿಮ್ಮಪ್ಪ ಸರಿ ಕಣೆ. ಬರೆದೋನು ತಪ್ಪು. ಆದ್ರೆ ಇಲ್ಲಿ ಕೇಳಿರೋದು ಅವನು ಏನ್ ಹೇಳ್ದ ಅಂತ. ನಿಂಗೇನ್ ಗೊತ್ತು ಅಂತ ಕೇಳಿಲ್ಲ.”

ಹೇಳಿದ್ದನ್ನು ಮೊದಲು ಹೇಳಿದ ಹಾಗೆಯೇ ಕೇಳಿಸಿಕೊಳ್ಳುವುದು. ಒಪ್ಪುವುದು, ಜಗಳವಾಡುವುದು ಆಮೇಲೆ. ಇದು ಇಂಗ್ಲಿಷಿನ ಕಷ್ಟವೇ ಅಲ್ಲ ಎಂದು ನನಗೆ ಹೊಳೆದದ್ದು ಅಂದು. ನಾನು ಕನ್ನಡದಲ್ಲೂ ಹಾಗೆಯೇ ಇದ್ದೆ. ಎದುರಿನವರು ಅರ್ಧ ಮಾತಾಡುವಷ್ಟರಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು; ಉಳಿದರ್ಧ ಅವರ ಹತ್ತಿರವೇ ಉಳಿಯುತ್ತಿತ್ತು. ಲೆಕ್ಕದ ಮೇಡಂಗಳಿಗೆ ಇದು ಬೇಗ ಅಂಟುವ ಚಾಳಿ.

ಪರೀಕ್ಷೆಗೆ ಎರಡು ತಿಂಗಳಿರುವಾಗ ವಿರಾಜಪೇಟೆಯ ಕಡೆಯಿಂದ ಸಕೀನಾಳಿಗೆ ಒಂದು ಸಂಬಂಧ ಬಂತು. ಹುಡುಗನ ಮನೆಯವರು ಒಳ್ಳೆಯವರೇ, ವ್ಯಾಪಾರಸ್ಥರು. ಒಂದು ಸಂಜೆ ನಾನು ಹೋದಾಗ ಅವಳು ಪುಸ್ತಕ ತೆರೆಯದೆ ಕೂತಿದ್ದಳು.

“ನಾನು ಬರೆಯಲ್ಲ. ಅಬ್ಬಾ ಒಪ್ಪಲ್ಲ. ಸುಮ್ಮನೆ ಯಾಕೆ ಓದ್ಲಿ?” ಎಂದಳು.

“ಒಪ್ಪಲ್ಲ ಅಂತ ಅಂದ್ರಾ?”

“ಅಂದ ಹಾಗೇನೇ.”

“ಅವರು ಅಂದಿದ್ದೇನು? ಅದನ್ನಷ್ಟೇ ಹೇಳು.”

ಅವಳು ನೆನಪಿಸಿಕೊಂಡಳು. “‘ಅಷ್ಟು ದೂರ, ಜ್ವರ ಗಿರ ಬಂದ್ರೆ ಯಾರ್ ನೋಡ್ತಾರೆ’ ಅಂದ್ರು.”

“ಆಮೇಲೆ?”

“ಆಮೇಲೆ ನಾನು ಅತ್ತೆ. ಅವರು ಎದ್ದು ಕೆಲಸಕ್ಕೆ ಹೋದ್ರು.”

ದಾದಿ ಹೊಲಿಯುತ್ತಿದ್ದರು. ನಮ್ಮ ಪ್ಯಾಸೇಜಿನ ಪಾಠವನ್ನು ಜೀವನಕ್ಕೆ ಅನ್ವಯಿಸಬೇಕೆಂಬ ಉದ್ದೇಶವೇನೂ ನನಗಿರಲಿಲ್ಲ. ಆದರೆ ಅವಳ ತಂದೆ ಹೇಳಿದ್ದು ‘ಬೇಡ’ ಎಂದಲ್ಲ, ಅದೊಂದು ಪ್ರಶ್ನೆ. ಪ್ರಶ್ನೆಗೆ ಉತ್ತರ ಕೊಟ್ಟವರಿಲ್ಲ. ಇದನ್ನು ಹೇಳಿದಾಗ ಸಕೀನಾ, “ಹಾಗಾದ್ರೆ ನೀನೇ ಹೋಗಿ ಕೇಳು,” ಎಂದಳು. ನನಗೆ ಧೈರ್ಯವಿರಲಿಲ್ಲ. ಇಬ್ರಾಹಿಂ ಸಾಹೇಬರು ನನ್ನೊಡನೆ ಅದುವರೆಗೆ ಆಡಿದ್ದ ಮಾತು ‘ಬಸ್ಸಿಗೆ ಹೊತ್ತಾಯ್ತಮ್ಮ’ ಎಂಬುದಷ್ಟೇ. ಆದರೂ ಎದ್ದು ಮುಂದಿನ ಕೋಣೆಗೆ ಹೋಗಿ ನಿಂತೆ.

ಅವರು ಒಂದು ಪೆಟ್ಟಿಗೆಯ ಮುಚ್ಚಳದ ಅಂಚು ಮಡಿಸುತ್ತಿದ್ದರು. “ಸಕೀನಾ ಹೋಗೋದು ನಿಮಗೆ ಬೇಡವಾ?” ಎಂದು ಕೇಳಿದೆ.

ಅವರು ಸುತ್ತಿಗೆ ಕೆಳಗಿಟ್ಟರು. “ನಾನು ಬ್ಯಾಡ ಅಂದ್ನಾ? ಕಾಯಿಲೆ ಬಿದ್ರೆ ಯಾರ್ ನೋಡ್ತಾರೆ ಅಂತ ಕೇಳ್ದೆ. ಅದಕ್ಕೆ ಯಾರೂ ಜವಾಬು ಕೊಡ್ಲಿಲ್ಲ.”

ನಾನು ಸುಮ್ಮನಿದ್ದೆ. ಅದೊಂದು ನಾನು ಕಲಿತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮುಂದುವರಿಸಿದರು.

“ಅವಳಮ್ಮಂಗೆ ಜ್ವರ ಬಂದಿತ್ತು. ಬಿಟ್ಟೋಗುತ್ತೆ ಅಂತ ಅಂದ್ಕೊಂಡು ನಾನು ತಗಡು ತರಕ್ಕೆ ಮೈಸೂರಿಗೆ ಹೋದೆ. ಮಾಲು ಬಂದಿರ್ಲಿಲ್ಲ, ಅಲ್ಲೇ ಉಳ್ಕೊಂಡೆ. ಬರೋವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಮೈಸೂರೇನ್ ದೂರಾನಮ್ಮ? ಇಷ್ಟೇ ದೂರದಿಂದ ನಾನು ಬಂದು ಮುಟ್ಟಕ್ಕಾಗ್ಲಿಲ್ಲ. ಇವಳು ರೈಲಲ್ಲಿ ಎರಡು ದಿನದ ದಾರಿ ಅಂತಾಳೆ.”

ಆ ಮಾತನ್ನು ಅವರು ನನಗೆ ಹೇಳಿದರೋ ಮುಂದಿದ್ದ ತಗಡಿಗೆ ಹೇಳಿದರೋ ತಿಳಿಯಲಿಲ್ಲ. ನನ್ನ ಬಾಯಿಂದ, “ನಾನಿರ್ತೀನಲ್ಲ. ನಾನೂ ಅಲ್ಲೇ ಇರ್ತೀನಿ,” ಎಂಬ ಮಾತು ಬಂತು. ಅವರು ತಲೆ ಎತ್ತಿ ನೋಡಿದರು.

“ನೀನೂ ಬರೀತಿದ್ದೀಯಲ್ವಾ?”

“ಹೂಂ.”

“ಸರಿ, ಬರೀರಿ ಇಬ್ಬರೂನೂ. ವಿರಾಜಪೇಟೆಯೋರಿಗೆ ಕಾಯಕ್ಕೆ ಹೇಳ್ತೀನಿ.”

ಹಿಂದಿನ ಅಂಗಳದಲ್ಲಿ ಸಕೀನಾ ಗೋಡೆಗೆ ಕಿವಿ ಕೊಟ್ಟು ನಿಂತಿದ್ದಳು. ಅವಳ ತಾಯಿಯ ಸಾವಿನ ವಿಷಯವನ್ನು ತಂದೆಯ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು. ಅಂದು ನಾವು ಏನೂ ಓದಲಿಲ್ಲ.

ಉಳಿದ ದಿನ ಮಾತ್ರ ಬಿಡದೆ ಓದಿದೆವು. ಮೈಸೂರಿಗೆ ಒಟ್ಟಿಗೇ ಹೋಗಿ ಬರೆದು ಬಂದೆವು. ಆ ಸಲ ಪತ್ರಿಕೆಯ ಮುಂದೆ ಕೂತಾಗ ನನಗೆ ಪರಕೀಯ ಎನಿಸಲಿಲ್ಲ. ಪ್ಯಾಸೇಜುಗಳಲ್ಲಿ ಯಾರ ಜೊತೆಗೂ ಜಗಳವಾಡದೆ, ಅವರವರು ಹೇಳಿದ್ದನ್ನು ಅವರವರಿಗೇ ಒಪ್ಪಿಸಿ ಎದ್ದೆ. ಹಿಂತಿರುಗುವ ಬಸ್ಸು ಹುಣಸೂರಿನಲ್ಲಿ ನಿಂತಾಗ ಇಬ್ಬರೂ ಇಳಿದು ಟೀ ಕುಡಿದೆವು. ಚೆನ್ನಾಗಿ ಬರೆದಿದ್ದೇವೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಧೈರ್ಯ ಆಗಲಿಲ್ಲ. ಟೀ ಚೆನ್ನಾಗಿದೆ ಎಂದು ಹೇಳಿಕೊಂಡೆವು.

ಫಲಿತಾಂಶ ಬಂತು. ವರ್ಬಲ್‌ನಲ್ಲಿ ನಾನು ಎಷ್ಟು ಮೇಲೆ ಬಂದಿದ್ದೆನೆಂದರೆ ಇಂಗ್ಲಿಷ್ ಮೇಷ್ಟರು ಅದನ್ನು ನಿಘಂಟಿನ ಫಲವೆಂದು ಶಾಲೆಯೆಲ್ಲ ಹೇಳಿಕೊಂಡು ತಿರುಗಿದರು. ಆದರೆ ಆ ವರ್ಷ ಲೆಕ್ಕದ ಪೇಪರಿನಲ್ಲಿ, ನನ್ನ ಸ್ವಂತ ಲೆಕ್ಕದ ಪೇಪರಿನಲ್ಲಿ, ನಾನು ಜಾರಿದ್ದೆ. ಸಕೀನಾಳಿಗೆ ಹೇಳಿಕೊಟ್ಟದ್ದು ಬಿಟ್ಟರೆ, ನನಗಾಗಿ ಒಂದು ವರ್ಷ ಪೂರ್ತಿ ಅದರ ಕಡೆ ತಿರುಗಿ ನೋಡಿರಲಿಲ್ಲ. ಅದೂ ನನ್ನ ಕಡೆ ತಿರುಗಿ ನೋಡಲಿಲ್ಲ. ನಾನು ಹೇಳಿಕೊಟ್ಟ ಲೆಕ್ಕದಲ್ಲಿ ಸಕೀನಾ ದಡ ಸೇರಿದ್ದಳು. ಸಂಸ್ಥೆಯ ಪಟ್ಟಿಯಲ್ಲಿ ಅವಳಿದ್ದಳು, ನಾನಿರಲಿಲ್ಲ.

ದುಃಖವಾಯಿತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಒಂದಷ್ಟು ಅತ್ತದ್ದೂ ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಇಬ್ರಾಹಿಂ ಸಾಹೇಬರಿಗೆ ನಾನು ಕೊಟ್ಟಿದ್ದ ಮಾತು. ಮರುದಿನ ನೇರವಾಗಿ ಅವರ ಕಾರ್ಖಾನೆಗೇ ಹೋದೆ.

“ನಾನಿರ್ತೀನಿ ಅಂದಿದ್ದೆ. ನನಗೆ ಸಿಗಲಿಲ್ಲ,” ಎಂದೆ.

“ಅವಳು ಹೇಳಿದ್ಲು. ಕೂತ್ಕೊ,” ಎಂದು ಒಂದು ಹೊಸ ಪೆಟ್ಟಿಗೆಯನ್ನು ಮುಂದೆ ಸರಿಸಿದರು. ಅದರ ಮೇಲೆ ಕೂತೆ.

“ನಿನ್ನ ಮಾತು ನಂಬಿ ನಾನು ಒಪ್ಕೊಂಡೆ ಅಂದ್ಕೊಂಡಿದ್ದೀಯಾ? ನೀನೇ ಇನ್ನೂ ಹುಡುಗಿ. ನಿಂಗೆ ಜ್ವರ ಬಂದ್ರೆ ಯಾರ್ ನೋಡ್ತಾರೆ?” ಅವರ ಮುಖದಲ್ಲಿ ನಗು ಸುಳಿದದ್ದನ್ನು ಅಂದೇ ಮೊದಲು ಕಂಡೆ. “ಇಷ್ಟು ವರ್ಷದಲ್ಲಿ ಆ ವಿಷ್ಯ ನಾನು ಯಾರ ಹತ್ರಾನೂ ಆಡಿರ್ಲಿಲ್ಲಮ್ಮ. ನೀನು ಬಂದು ಕೇಳ್ದೆ, ಬಾಯಿಗೆ ಬಂತು, ಆಡ್ದೆ. ಆಡಿದ್ಮೇಲೆ ಆ ರೈಲು ಅಷ್ಟೊಂದು ದೂರ ಅನ್ನಿಸ್ಲಿಲ್ಲ. ನಾನೇ ಕರ್ಕೊಂಡೋಗಿ ಬಿಟ್ಟು ಬತ್ತೀನಿ.”

ಉತ್ತರ ಸರಿ, ಕಾರಣ ತಪ್ಪು. ನಾನು ಕೊಟ್ಟ ಭರವಸೆಯಿಂದ ಅವರು ಮೆತ್ತಗಾದರೆಂದು ಇಷ್ಟು ದಿನ ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಭರವಸೆಗೆ ಅಲ್ಲಿ ಬೆಲೆಯೇ ಇರಲಿಲ್ಲ. ಅದಕ್ಕೂ ಮುಂಚೆ ಸುಮ್ಮನೆ ನಿಂತ ಆ ಸ್ವಲ್ಪ ಹೊತ್ತಿಗೆ ಇತ್ತು.

ಅವರು ಹೇಳಿದ ಹಾಗೆ ಹೋದರು. ಮಗಳನ್ನು ಹಾಸ್ಟೆಲಿಗೆ ಸೇರಿಸಿ ಮರುದಿನವೇ ರೈಲು ಹತ್ತಲಿಲ್ಲ. ಆ ಊರಿನ ಪೆಟ್ಟಿಗೆ ಮಾಡುವವರ ಬೀದಿ ಹುಡುಕಿ ಅಲ್ಲೇ ಕೆಲವು ದಿನ ಉಳಿದರು. ಹಾಸ್ಟೆಲಿನ ಕಾವಲಿನವರು, ಹತ್ತಿರದ ದವಾಖಾನೆಯ ಕಾಂಪೌಂಡರು, ಅಡಿಗೆಯವರು, ಎಲ್ಲರ ಪರಿಚಯ ಮಾಡಿಕೊಂಡು, ಜ್ವರ ಬಂದರೆ ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ತಾವೇ ಉತ್ತರ ಹುಡುಕಿಕೊಂಡು ಬಂದರು. ವಿರಾಜಪೇಟೆಯವರು ಕಾಯಲಿಲ್ಲ. ಅದಕ್ಕೆ ದಾದಿ ಬಿಟ್ಟು ಇನ್ಯಾರೂ ಮರುಗಲಿಲ್ಲ. ದಾದಿಯೂ ಒಂದೆರಡು ದಿನವಷ್ಟೇ.

ಮೊದಲ ರಜೆಗೆ ಸಕೀನಾ ಬಂದಾಗ, ಅಲ್ಲಿನ ಇಂಗ್ಲಿಷ್ ಕಷ್ಟವಾಯಿತೇ ಎಂದು ಕೇಳಿದೆ.

“ಇಂಗ್ಲಿಷ್ ಯಾರ್ ಕೇಳ್ತಾರೆ ಕಣೆ, ಅವರದೂ ನಮ್ಮ ಹಾಗೇ ಇದೆ. ನಂಗೆ ಕಷ್ಟ ಆಗಿದ್ದು ಉರ್ದು. ಊಟದ ಮನೇಲಿ, ನಮ್ಮ ಕಡೆ ಉರ್ದುಲಿ ಅನ್ನೋ ಹಾಗೆ, ‘ನಕ್ಕೊ’ ಅಂದೆ. ಬೇಡ ಅಂತ. ಪಂಕ್ತಿಲಿದ್ದೋರೆಲ್ಲ ಊಟ ಬಿಟ್ಟು ನನ್ನ ನೋಡಿದ್ರು. ಅದು ಯಾವ ಭಾಷೆ ಅಂತ ಕೇಳ್ತಾರೆ.”

ಹುಟ್ಟಿದಾಗಿನಿಂದ ಆಡಿದ ಮಾತೇ ಅಲ್ಲಿ ಅವಳ ವರ್ಬಲ್ ಪೇಪರಾಗಿತ್ತು. ಅದರಲ್ಲೂ ಅವಳು ಪಾಸಾದಳು, ‘ನಕ್ಕೊ’ವನ್ನು ಬಿಡದೆ. ಎರಡನೆಯ ವರ್ಷಕ್ಕೆ ಹಾಸ್ಟೆಲಿನ ಹುಡುಗಿಯರೆಲ್ಲ ಬೇಡವಾದದ್ದಕ್ಕೆಲ್ಲ ‘ನಕ್ಕೊ’ ಎನ್ನುತ್ತಿದ್ದರಂತೆ.

ನಾನು ಕೆಲವು ವರ್ಷ ಬಿಟ್ಟು ಮೈಸೂರಿನಲ್ಲೇ ಎಂ.ಎಸ್ಸಿ. ಮಾಡಿಕೊಂಡೆ. ಅದಕ್ಕೆ ವರ್ಬಲ್ ಬೇಕಿರಲಿಲ್ಲ. ಈಗಲೂ ಇಂಥ ಪರೀಕ್ಷೆಗಳಿಗೆ ಓದುವ ಹುಡುಗಿಯರು ಯಾರದೋ ಮಾತು ಕೇಳಿ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನಾನು ಉತ್ಸಾಹದಿಂದ ಹೇಳುತ್ತೇನೆ: ನಿಘಂಟನ್ನು ಮೊದಲಿನಿಂದ ಶುರುಮಾಡಬೇಡಿ, ಪ್ರತಿ ಪದಕ್ಕೂ ನಿಮ್ಮ ಮನೆಯಲ್ಲೇ ಒಬ್ಬರನ್ನು ಹುಡುಕಿ, ಅರ್ಥವನ್ನು ಸುಲಭಕ್ಕೆ ಒಪ್ಪದ ಹಿರಿಯರೊಬ್ಬರಿಗೆ ಹೇಳಿ ನೋಡಿ, ಪ್ಯಾಸೇಜಿನವನ ಮಾತು ಮುಗಿಯುವವರೆಗೆ ನಿಮ್ಮ ಮಾತು ಶುರುಮಾಡಬೇಡಿ. ಅವರು ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಮೊನ್ನೆ ಬಂದಿದ್ದವಳು ಮಾತ್ರ ಪೆನ್ನು ಎತ್ತಿ ಹಿಡಿದು, “ಹಾಗೆಲ್ಲ ಓದಿದ್ಮೇಲೆ ನಿಮಗೆ ಸೀಟು ಸಿಕ್ತಾ ಮೇಡಂ?” ಎಂದು ಕೇಳಿದಳು.

“ಇಲ್ಲ,” ಎಂದೆ.

ಅವಳು ಮರ್ಯಾದೆಯಿಂದ ತಲೆ ಆಡಿಸಿ, ಪೆನ್ನಿನ ಕ್ಯಾಪು ಹಾಕಿದಳು. ನನಗೆ ಬೇಸರವಾಗಲಿಲ್ಲ. ಏನು ಹೇಳಿದೆನೋ ಅಷ್ಟನ್ನು ಮಾತ್ರ ಕೇಳಿಸಿಕೊಳ್ಳುವ ಹುಡುಗಿ. ಇವಳಿಗೆ ಖಂಡಿತ ಸಿಗುತ್ತದೆ ಎಂದುಕೊಂಡು, ಕಾಫಿ ಮಾಡಲು ಒಳಗೆ ಹೋದೆ.